ಅವ್ವನ ಸೀಟಿನ ಕೆಳಗಿನ ಬ್ಯಾಟರಿ

ಹಲೋ... ಯಾರ್ರೀ ಮಾತಾಡೋದು? ... ಹಾಂ? ಗಾಳಿ ಸಪ್ಪಳ ಭಾಳ ಐತಿ, ಜೋರ ಮಾತಾಡ್ರಿ.

...

ಮಾಳಪ್ಪನಾ? ನಾ ಅಫ್ಸರನಲೇ, ಮತ್ತ್ಯಾರು? ಈಗ ಗ್ಯಾರೇಜಿಗೆ ಬಂದು ನೋಡ್ತೀನಿ, ನಿನ್ನ ಬೈಕ್ ಗಾಡೀನ ಇಲ್ಲ. ಎಲ್ಲಿಗೆ ಒಯ್ದೀ?

...

ಅಮೀನಗಡ ದಾಟಿ ಕಮತಗಿ ದಾರ್ಯಾಗ? ... ತಂಗಿ ಕೂಸನ್ನ ತೊಟ್ಟಲಕ ಹಾಕೋದೈತಿ, ಖರೆ. ಬಸ್ಸಿಗೆ ಹೋಗಬೇಕಿತ್ತು. ... ಫರಹಾನಾ ಕೀಲಿ ಕೊಟ್ಲಾ? 'ಅಫ್ಸರ ಹೂಂ ಅಂದಾನ' ಅಂತ ನೀ ಸುಳ್ಳ ಹೇಳಿರ್ತಿ, ನನ್ನ ಹೇಣ್ತಿ ಪಾಪ ನಂಬಿರ್ತಾಳ. ಕೆಲಸ ಅರ್ಧಾ ಆಗೇತಿ ಅಂತ ನಿನ್ನೆ ಹೇಳಿದ್ದಿಲ್ಲೇನು? ಹೊಸಾ ಲಿಥಿಯಂ ಬ್ಯಾಟರಿ ಕುಂದ್ರಿಸೀನಿ, ಹೌದು. ಅದಕ್ಕ ಚಾರ್ಜ್ ಬಿಡೋ ರೆಗ್ಯುಲೇಟರ್ ಇನ್ನೂ ಹಳೇದ ಐತಿ. ಅದು ಹಿಂದ ಮುಂದ ನೋಡದ ಕರೆಂಟ್ ತುಂಬತೈತಿ, ಈ ಬ್ಯಾಟರಿ ತಡಕೊಳ್ಳಂಗಿಲ್ಲ. ಬಾಗಲಕೋಟಿಂದ ಹೊಸಾದು ಬರೂತನಕ ಗಾಡಿ ಮುಟ್ಟಬ್ಯಾಡ ಅಂದಿದ್ದೆ, ಅಲ್ಲಾ?

...

ವಾಸನಿ? ಎಂಥಾ ವಾಸನಿ? ... ಉಗುರಿಗೆ ಹಚ್ಚೋ ಬಣ್ಣದಂಗ? ಅದು ಬ್ಯಾಟರಿ ಒಳಗಿನ ವಾಸನಿನಲೇ! ... ಗಾಡಿ ಇನ್ನೂ ಚಾಲೂ ಐತೇನು? ... ತಿರುಗಿ ಚಾಲೂ ಆಗಲಿಲ್ಲಂದ್ರ ಅನ್ನೂ ಚಿಂತಿ ಆಮ್ಯಾಲ. ಬಂದ್ ಮಾಡು. ಈಗಿಂದೀಗ. ... ಮಾಡಿದಿ? ಹಾಂ.

...

ಮಗ್ಗಲ ಸೀಟಿನ್ಯಾಗ ಯಾರದಾರ? ... ಅವ್ವನಾ? ಸತ್ಯವ್ವನ್ನ ಕುಂದ್ರಿಸಿಕೊಂಡು ಹೊಂಟೀಯಾ? ಲೇ, ಬ್ಯಾಟರಿ ಆಕಿ ಸೀಟಿನ ಕೆಳಗ ಐತೋ! ಅವ್ವಗ ಮೊಣಕಾಲ ನೋವು, ಹಿಂದ ಹತ್ತಾಕ ಆಗಂಗಿಲ್ಲ ಅಂತ ನೀನ ಅಲ್ಲಾ ಬೈಕಿನ ಮಗ್ಗಲಿಗೆ ಆ ಸೀಟ ಹಚ್ಚಿಸಿದ್ದು? ಇಳಸು. ಎತ್ತಿ ಇಳಸು.

...

ಕಂಬಳಿ? ಯಾವ ಕಂಬಳಿ? ... ಬ್ಯಾಟರಿಗೆ ಸುತ್ಯಾಳ? ... ಹೊಸಾ ವಸ್ತು, ಬೀರಪ್ಪನ ಗುಡಿ ಕಂಬಳಿ ಇರ್ಲಿ ಅಂತ... ಯಾ ಅಲ್ಲಾ. ಮೊದಲ ಕಾದೈತಿ, ಅದರ ಮ್ಯಾಲ ಕಂಬಳಿ ಹೊಚ್ಚೀರಿ. ಆ ಕಾವು ಹೊರಗ ಹೋಗೋದರ ಹೆಂಗ?

...

ಇಳ್ಯಾಕ ಒಲ್ಲೆ ಅಂತಾಳ? ಕೊಡು ಆಕೀಗೆ ಫೋನು. ... ಯವ್ವಾ, ನಾ ಅಫ್ಸರ. ... ಊಟಾ ಆತು ಯವ್ವಾ, ಅದೆಲ್ಲಾ ಆಮ್ಯಾಲ. ನೀ ಇಳೀ. ... ಗೊತ್ತೈತಿ, ದೇವರ ಕಂಬಳಿ. ಚಪ್ಪಲಿ ಕಾಲಾಗ ಅಂವಾ ಮುಟ್ಟಂಗಿಲ್ಲ. ಯಾರೂ ಮುಟ್ಟಂಗಿಲ್ಲ. ... ನನಗ ಅಂಜಿಕಿ ಆಗೇತಿ ಯವ್ವಾ. ನಿನ್ನ ಕಾಲಿಗೆ ಬೀಳ್ತೀನಿ, ಇಳದು ದೂರ ನಡಿ.

...

ಹಾಂ, ಮಾಳಪ್ಪಾ. ಇಳದ್ಲಾ? ... ಹೊಲದ ಬದುವಿಗೆ ಹೋದ್ಲಾ? ಭೇಷಾತು. ಇನ್ನ ನೀನೂ ಹೋಗು. ... ಏನದು ಸುಂಯ್ ಅನ್ನೋದು? ... ಹೊಗಿ ಬರಾಕತ್ತೈತಾ?

...

ಮತ್ತ ಇನ್ನೂ ಗಾಡಿ ಹಂತೇಕ ಯಾಕ ನಿಂತೀಲೇ? ... ಫೋನಿನ್ಯಾಗ ಚಾರ್ಜ್ ಇಲ್ಲಾ? ಗಾಡೀ ಬ್ಯಾಟರಿ ಚಾರ್ಜರಿಗೆ ಹಚ್ಚಿಕೊಂಡು ಮಾತಾಡಾಕತ್ತೀಯಾ? ... ವಾಯರ್ ಕಿತ್ತರ ಕಟ್ ಆಗತೈತಂತ? ... ಅಯ್ಯ ಹುಚ್ಚಪ್ಪಾ! ನನ್ನ ಮಾತು ಕೇಳಾಕ ಅಂತ ಅಲ್ಲಿ ನಿಂತೀಯಲ್ಲೋ!

...

'ಏನ ಮಾಡಲಿ' ಅಂತ ಕೇಳಬ್ಯಾಡ. ಮಾಡೂದು ಏನೂ ಉಳದಿಲ್ಲ. ಗಾಡಿ ಸುಟ್ಟರ ಸುಡಲಿ, ಇನ್ನೊಂದು ಕಟ್ಟೋಣು. ನನ್ನ ಮಾತು ಬ್ಯಾಡ ನಿನಗ ಈಗ. ಬಿಡು ಫೋನು.

...

ಅವ್ವ ತಿರುಗಿ ಬರಾಕತ್ಯಾಳ? ... ಕಂಬಳಿ ತಗೊಳ್ಳಾಕ? ... ಹಿಡಿ ಆಕಿನ್ನ! ... ನನಗ ಹೇಳಬ್ಯಾಡೋ, ಓಡು! ಎಳಕೊಂಡು ದೂರ ಹೋಗು... ಕೀಳಲೇ, ಮಾಳ್ಯಾ, ವಾಯರ್ ಕೀಳು...

...

ಹಲೋ? ... ಮಾಳ್ಯಾ? ... ವಾಯರ್ ನೀನ ಕಿತ್ತೀ, ಹೌದಲ್ಲ? ... ನೀನ ಕಿತ್ತೀಯಲ್ಲೋ? ... ಹಲೋ?