ಬಲಗೆನ್ನೆಯ ಮಚ್ಚೆ

"ಹಲೋ... ಹಾಂ, ರೊನೀಲಾನೇ ಮಾತಾಡ್ತಿರೋದು. ಮೇಕಪ್ ರೊನೀಲಾ. ನೀವು ಯಾರು?... ಯಾರು ಅಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ."

ರೊನೀಲಾಳ ಎಡಗೈ ಮೇಲೆ ಸಾಲಾಗಿ ಕಂದು ಪಟ್ಟೆಗಳು. ಹೊಸ ಫೌಂಡೇಶನ್ ಯಾವುದು ಬಂದರೂ ಮೊದಲು ತನ್ನ ಕೈಗೆ, ಆಮೇಲೆ ತನ್ನ ದವಡೆಗೆ ಹಚ್ಚಿಕೊಂಡು, ಬೆವರಿಗೆ ಕರಗುತ್ತದೋ ನಿಲ್ಲುತ್ತದೋ ನೋಡದೆ ಅವಳು ಇನ್ನೊಬ್ಬರ ಮುಖಕ್ಕೆ ಮುಟ್ಟಿಸಿದವಳಲ್ಲ. ಯಾವ ಪಾರ್ಲರಿನ ಕೈಕೆಳಗೂ ದುಡಿಯದೆ, ಪೆಟ್ಟಿಗೆ ಹಿಡಿದು ಫಿಜಿಯ ಲೌಟೋಕಾದ ಮದುವೆ ಮನೆಗಳನ್ನೆಲ್ಲ ಸುತ್ತುತ್ತಿದ್ದಳು. ಮದುವೆ ಇಲ್ಲದ ದಿನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಈಗ ಕಬ್ಬು ಅರೆಯುವ ಕಾಲ. ಮಿಲ್ಲಿನ ಮಸಿ ಹಾರಿ ಬಂದು ಬ್ರಷ್ಷುಗಳ ಮೇಲೆ ಕೂರುತ್ತದೆಂದು ಕಿಟಕಿ ಮುಚ್ಚಿದ್ದಳು.

"ಶಲೇಶ್ನಿ... ಆಕ್ಲೆಂಡಿಂದಾ? ಅಯ್ಯೋ, ಅಷ್ಟು ದೂರದಿಂದ! ಇಲ್ಲಿ ಮದುವೆ ಇಟ್ಕೊಂಡಿದ್ದೀರಾ?... ಮದುವೆ ಅಲ್ವಾ. ಮತ್ತೆ?... ಓ, ನನ್ನ ವಿಡಿಯೋ ನೋಡಿದ್ರಾ! ಯಾವುದು, ಲಿಪ್‌ಸ್ಟಿಕ್‌ದಾ? ಹಾಂ ಹಾಂ, ಎಲ್ಲಾ ನನ್ನ ತುಟಿಗೇ ಹಚ್ಚಿ ತೋರಿಸಿದ್ದು. ಆ ಇಟ್ಟಿಗೆ ಬಣ್ಣದ್ದು ಮಾತ್ರ ತಗೋಬೇಡಿ ದೀದಿ, ಒಂದು ರೊಟ್ಟಿ ತಿನ್ನೋದ್ರೊಳಗೆ ತುಟಿ ಬಿಟ್ಟು ಹೊಟ್ಟೆ ಸೇರಿರುತ್ತೆ."

"ಪರದೆನಾ?... ಅಲ್ಲಾ, ಲಿಪ್‌ಸ್ಟಿಕ್ ಬಿಟ್ಟು ಪರದೆ ನೋಡಿದ್ರಾ? ಹಾಂ, ನನ್ನ ಹಿಂದೆ ನೇತಾಡ್ತಿರೋದು. ಅದು ಅಂಗಡೀಲಿ ಸಿಗಲ್ಲ. ಅಮ್ಮ ಹೊಲಿದಿದ್ದು, ಸೊಂಟಕ್ಕೆ ಸುತ್ಕೊಳ್ಳೋ ಹಳೇ ಸುಲು ಬಟ್ಟೆ ಎರಡು ಕತ್ತರಿಸಿ. ಅರ್ಧ ಆಮೆ, ಅರ್ಧ ದಾಸವಾಳ. ಇಂಥ ಕುರೂಪಿ ಪರದೆ ಫಿಜೀಲೇ ಇನ್ನೊಂದಿಲ್ಲ ಅಂತ ನಾನೇ ಆಡ್ಕೋತೀನಿ... ಇಲ್ಲ, ಇನ್ನೊಂದಿಲ್ಲ... ಖಂಡಿತ ಇಲ್ಲ ದೀದಿ. ಯಾಕೆ ಮತ್ತೆ ಮತ್ತೆ ಕೇಳ್ತಿದ್ದೀರಿ?... ಹಲೋ? ಇದ್ದೀರಾ?... ಅಳ್ತಿದ್ದೀರಾ?"

ಅಳುವ ಹೆಂಗಸರು ರೊನೀಲಾಗೆ ಹೊಸಬರಲ್ಲ. ಆದರೆ ಇದು ತವರು ಬಿಡುವ ಅಳುವಾಗಿರಲಿಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವಂಥ ಅಳು.

"ನಿಮ್ಮ ಅಕ್ಕ ಆರ್ತಿಕಾ?... ಇಲ್ಲಿಗೆ ಬಂದಿದ್ರಾ ಅಂತ ಕೇಳ್ತಿದ್ದೀರಾ? ನೋಡಿ, ನನ್ನ ಕುರ್ಚೀಲಿ ಕೂತೋರ ವಿಷಯ ನಾನು ಹೊರಗೆ ಹಾಕಲ್ಲ. ಮದುಮಗಳ ಮುಖದ ಕಲೆ ನಿಜಾನಾ ಅಂತ ಅತ್ತೆ ಮನೆಯವರು ಬಂದು ಕೇಳಿದ್ರೂ ಬಾಯಿ ಬಿಟ್ಟಿಲ್ಲ... ಕೋಪ ಇಲ್ಲ ದೀದಿ. ಹೇಳಿ, ಕೇಳಿಸ್ಕೋತೀನಿ."

"ನೀಲಿ ಸೀರೆ. ಹಾಂ... ಜರಿ ಅಂಚು... ಆ ಫೋಟೋ ನಿಮಗೆ ಹೇಗೆ ಗೊತ್ತು?... ಪಕ್ಕದಲ್ಲಿ ಯಾರದೋ ಅರ್ಧ ಭುಜ, ಹಸಿರು ರವಿಕೆ... ಅದು ನೀವಾ?"

ರೊನೀಲಾ ಕುರ್ಚಿ ಎಳೆದು ಕೂತಳು. ಹೋದ ವಾರ ಒಂದಿಡೀ ಬೆಳಗ್ಗೆ ಅವಳ ಕಣ್ಣು ಆ ಫೋಟೋಗೂ ಇದೇ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಮುಖಕ್ಕೂ ಓಡಾಡಿತ್ತು. ಇಷ್ಟು ವರ್ಷದಲ್ಲಿ ತನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಆಗಿರಲಿಲ್ಲ ಎಂದು ಅವತ್ತು ರಾತ್ರಿ ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

"ಬಂದಿದ್ರು ದೀದಿ. ಗಂಡ ಹೆಂಡತಿ ಇಬ್ರೂ... ಕಮಿನೇಶ್, ಹಾಂ, ಅವರೇ. ಎತ್ತರದ ಮನುಷ್ಯ, ಮೆತ್ತಗೆ ಮಾತು. 'ನಮ್ಮವಳಿಗೆ ಕಾಯಿಲೆಯಾಗಿ ಮುಖ ಬತ್ತಿಹೋಗಿದೆ, ಗಂಟಲ ಆಪರೇಷನ್ ಆಗಿ ಮಾತೂ ನಿಂತಿದೆ. ಆಕ್ಲೆಂಡಲ್ಲಿ ತಂಗಿ ಇದ್ದಾಳೆ, ಹೀಗೆ ನೋಡಿದ್ರೆ ಹೆದರ್ತಾಳೆ. ಮೊದಲು ಈ ಫೋಟೋದಲ್ಲಿದ್ದ ಹಾಗೇ ಮಾಡ್ಕೊಡಿ' ಅಂದ್ರು. ಕರುಳು ಚುರ್ ಅಂತು ನಂಗೆ. ಎಂಥ ಗಂಡ ಅಂದ್ಕೊಂಡೆ."

"ಕಾಯಿಲೆನೇ ಇರ್ಲಿಲ್ವಾ?... ನಿಮಗೆ ಹೇಳದೆ ಮುಚ್ಚಿಟ್ಟಿರ್ಬಹುದಲ್ವಾ, ದೂರ ಇದ್ದೀರಲ್ಲ... ಈಸ್ಟರ್ ಆದ್ಮೇಲೆ ಅವರ ದನಿಯೇ ಕೇಳಿಲ್ವಾ? ಒಂದು ಸಲಾನೂ?... ಬರೀ ಬರೆದ ಮೆಸೇಜಾ?"

"ಹಾಂ, ವಿಡಿಯೋ ಕಾಲ್ ಇಲ್ಲಿಂದ್ಲೇ, ಇದೇ ಪರದೆ ಮುಂದೆ ಮಾಡಿದ್ದು. ಬೆಳಕು ಚೆನ್ನಾಗಿದೆ ಅಂದ್ರು. ನನ್ನನ್ನ ಚಹಾ ಮಾಡೋಕೆ ಒಳಗೆ ಕಳಿಸಿದ್ರು. ನಾನು ಬಾಗಿಲ ಸಂದೀಲಿ ನಿಂತಿದ್ದೆ... ಹೌದು, ಕೈ ಬೀಸಿದ್ರು, ಅಷ್ಟೇ. ನಿಮ್ಮ ದನಿ ಕೇಳಿಸ್ತು ದೀದಿ. 'ಅಕ್ಕಾ ಅಕ್ಕಾ' ಅಂತಿದ್ರಿ. ಒಲೆ ಮೇಲೆ ಹಾಲು ಉಕ್ಕಿದ್ರೂ ನಾನು ಅಲ್ಲೇ ನಿಂತು ಕಣ್ಣೊರೆಸ್ಕೊಂಡೆ."

"ಏನು ತಪ್ಪಿತ್ತು?... ಮಚ್ಚೆನಾ? ಮಚ್ಚೆ ನಾನೇ ಇಟ್ಟಿದ್ದು. ಹಾಂ, ಆಕೆಗೆ ಇರ್ಲಿಲ್ಲ, ಡಾಕ್ಟರು ಸುಟ್ಟು ತೆಗೆದ್ರು ಅಂದ್ರು ಅವರು. ಬಲಗೆನ್ನೆ ಮೇಲೆ, ಕಣ್ಣಿಂದ ಒಂದು ಬೆರಳು ಕೆಳಗೆ... ಎಡಗೆನ್ನೆನಾ? ಇಲ್ಲ ದೀದಿ, ಫೋಟೋದಲ್ಲಿ ಬಲಕ್ಕೇ ಇತ್ತು. ನನ್ನ ಕಣ್ಣು ಅದರಲ್ಲಿ ತಪ್ಪಲ್ಲ... ಹಾಗಾದ್ರೆ ನಿಮ್ಮ ಫೋನಲ್ಲಿ ಎಡ-ಬಲ ತಿರುಗಿ ಬಿದ್ದಿರ್ಬೇಕು... ಕ್ಯಾಲೆಂಡರಾ? ಅಕ್ಷರ ನೆಟ್ಟಗೇ ಇತ್ತಾ? ಓದಿದ್ರಾ?"

ರೊನೀಲಾ ತಿರುಗಿ ನೋಡಿದಳು. ಆಮೆ-ದಾಸವಾಳದ ಪರದೆ ಪಕ್ಕದಲ್ಲಿ ಅಕ್ಕಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗಾಡುತ್ತಿತ್ತು.

"ಒಂದು ನಿಮಿಷ ದೀದಿ. ಆ ಫೋಟೋ ತೆಗೆದೋರು ಯಾರು?... ನಿಮ್ಮಕ್ಕನೇನಾ? ತಾವೇ ಕೈ ಚಾಚಿ, ಫೋನಲ್ಲಿ?... ಅಯ್ಯೋ ದೇವರೇ. ಸೆರಗು. ಸೆರಗು ಬಲಭುಜದ ಮೇಲಿತ್ತು. ಗುಜರಾತಿನವರ ಥರ ಉಟ್ಟಿದ್ದಾರೆ ಅಂದ್ಕೊಂಡೆ ನಾನು! ಕನ್ನಡೀಲಿ ಕಂಡ ಹಾಗೆ ತಿರುಗಿ ಬಂದಿರೋ ಫೋಟೋ ಅದು. ನಾನು ಅದನ್ನೇ ನೋಡಿ ಇಟ್ಟೆ."

"ನಾನು ತಪ್ಪಿದ್ದು ಸರಿ. ಪಕ್ಕದಲ್ಲೇ ನಿಂತಿದ್ನಲ್ಲ ಅವನು! ಕಟ್ಕೊಂಡ ಹೆಂಡತಿ ಮಚ್ಚೆ ಯಾವ ಕಡೆ ಅಂತ ಗೊತ್ತಾಗ್ಲಿಲ್ವಾ? ಎಷ್ಟು ವರ್ಷದಿಂದ ಆ ಮುಖ ನೋಡಿದ್ದ?... ಇಲ್ಲ, ಅತ್ತು ಏನು ಮಾಡೋದು. ಕೇಳಿ. ಕಿವೀಲಿ ಎರಡನೇ ತೂತೂ ಇರ್ಲಿಲ್ಲ ಆಕೆಗೆ. ಮುಚ್ಚಿಹೋಯ್ತು ಅಂದ. ರೆಪ್ಪೆ ಅಂಟಿಸೋ ಗೋಂದಲ್ಲಿ ಹರಳು ಅಂಟಿಸ್ದೆ. ಮೂಗು ಅಗಲ ಇತ್ತು, ಊದಿದೆ ಅಂದ. ನೆರಳು ಕೊಟ್ಟು ಸಣ್ಣ ಮಾಡ್ದೆ. ಅವನು ಒಂದೊಂದಕ್ಕೂ ಒಂದೊಂದು ಕಾರಣ ಹೇಳ್ತಾ ಹೋದ, ನಾನು ಒಂದೊಂದನ್ನೂ ನಂಬ್ತಾ ಹೋದೆ."

"ಇಲ್ಲ ದೀದಿ. ಅದು ನಿಮ್ಮಕ್ಕ ಅಲ್ಲ."

ಹೊರಗೆ ಕಬ್ಬಿನ ರೈಲು ಗಡಗಡ ಹಾದುಹೋಯಿತು. ಕಪಾಟಿನ ಸೀಸೆಗಳೆಲ್ಲ ಒಂದಕ್ಕೊಂದು ತಾಗಿ ನಡುಗಿದವು.

"ಹಾಂ, ಇದ್ದೀನಿ... ಅವಳು ಯಾರೋ ನನಗೆ ಗೊತ್ತಿಲ್ಲ. ವಯಸ್ಸು ಚಿಕ್ಕದು, ಉಗುರೆಲ್ಲ ಕಚ್ಚಿ ಕಚ್ಚಿ ಸವೆದಿತ್ತು. ಅವನಿಗೆ ಯಾರದೋ ಫೋನ್ ಬಂದು ಅಂಗಳಕ್ಕೆ ಹೋದ. ಆಗ ನನ್ನ ಮಣಿಕಟ್ಟು ಹಿಡ್ಕೊಂಡು 'ಅಷ್ಟು ಚೆನ್ನಾಗಿ ಮಾಡ್ಬೇಡಿ ದೀದಿ' ಅಂದ್ಲು. ಪಿಸುಗುಟ್ಟಿ... ಹೌದು, ಮಾತಾಡಿದ್ಲು. ನಾಚ್ಕೊಳ್ತಾಳೆ ಅಂತ ನಾನು ನಕ್ಕುಬಿಟ್ಟೆ. ಇನ್ನೂ ಚೆನ್ನಾಗಿ ಮಾಡ್ದೆ."

"ಪೊಲೀಸ್‌ಗೆ ಹೇಳ್ಲಿಲ್ವಾ ನೀವು?... ಆ ವಿಡಿಯೋ ಕಾಲ್ ರೆಕಾರ್ಡ್ ಮಾಡ್ಕೊಂಡಿದ್ನಾ? ಅದನ್ನೇ ತೋರಿಸಿದ್ನಾ ಅವರಿಗೆ? ನೋಡಿ, ಇದ್ದಾಳಲ್ಲ ನನ್ನ ಹೆಂಡತಿ ಅಂತ?... ನಾನು ಬಳಿದ ಮುಖ ತೋರಿಸಿ?"

ಅವಳು ಒದ್ದೆ ಬಟ್ಟೆ ಎಳೆದುಕೊಂಡು ಕೈಮೇಲಿನ ಪಟ್ಟೆಗಳನ್ನು ಒರೆಸತೊಡಗಿದಳು. ಬೆವರಿಗೆ ಜಾರದ ಜಾತಿಯದು, ಬೇಗ ಹೋಗಲಿಲ್ಲ. ಚರ್ಮ ಕೆಂಪಾಗುವವರೆಗೂ ಉಜ್ಜಿದಳು.

"ದೀದಿ, ಅವನು ಇವತ್ತೂ ಬರ್ತಾನೆ... ಇವತ್ತೇ, ಊಟ ಆದ್ಮೇಲೆ. ಮೊನ್ನೆ ಫೋನ್ ಮಾಡಿದ್ದ. ಅದೇ ಮುಖ ಬೇಕು, ಈ ಸಲ ಸಂಜೆವರೆಗೂ ನಿಲ್ಬೇಕು, ಅಧಿಕಾರಿ ಎದುರು ಕೂರಿಸ್ಕೊಂಡು ನೋಡ್ತಾನೆ ಅಂದ. ಬೆಳಗಿಂದ ಅದಕ್ಕೇ ಒಂದೊಂದೇ ಹಚ್ಕೊಂಡು ನೋಡ್ತಾ ಕೂತಿದ್ದೆ ನಾನು... ಮನೆ ನಿಮ್ಮಕ್ಕನ ಹೆಸರಲ್ಲಿದೆಯಾ? ನಿಮ್ಮಪ್ಪ ಕೊಟ್ಟಿದ್ದಾ? ಬೇರೆಯವರ ಹೆಸರಿಗೆ ಮಾಡೋಕೆ ಅವರೇ ಎದುರಿಗೆ ಬಂದು ಸಹಿ ಹಾಕ್ಬೇಕಾ?... ಹಾಂ. ಈಗ ಅರ್ಥ ಆಯ್ತು."

"ಕ್ರಿಷ್ನೀಲ್ ಯಾರು?... ಮಾಮನ ಮಗ. ನಾಂದಿಯಿಂದ ಹೊರಟಿದ್ದಾರಾ? ಪೊಲೀಸಿನವರ ಜೊತೆಗಾ? ಪರದೆ ತೋರಿಸಿದ್ಮೇಲೆ ನಂಬಿದ್ರಾ ಅವರು? ಒಳ್ಳೇದಾಯ್ತು. ಆದ್ರೆ ದಾರಿ ತುಂಬಾ ಕಬ್ಬಿನ ಲಾರಿ ದೀದಿ, ಬೇಗ ಬರೋಕಾಗಲ್ಲ... ಅಮ್ಮ ಇಲ್ಲ, ಸುವಾಗೆ ಹೋಗಿದ್ದಾಳೆ... ಪಕ್ಕದ ಮನೆ ಲಿತಿಯಾ ಇದ್ದಾಳೆ. ಹಾಂ, ಅಲ್ಲಿಗೇ ಹೋಗ್ತೀನಿ. ಈಗ್ಲೇ ಎದ್ದೆ. ಹಿಂಬಾಗಿಲಿಂದ..."

"ಶ್... ಗಾಡಿ ಬಂತು."

ಬೇಲಿಯಾಚೆ ಬಿಳಿ ಗಾಡಿ ನಿಂತಿತ್ತು. ರೊನೀಲಾ ಹಿಂಬಾಗಿಲ ಅಗುಳಿ ತೆಗೆದು ಒಂದು ಕಾಲು ಹೊರಗಿಟ್ಟಳು. ಲಿತಿಯಾಳ ಅಂಗಳದಲ್ಲಿ ಹಂದಿಮರಿಗಳು ಓಡಾಡುತ್ತಿದ್ದವು. ಅಷ್ಟೇ ದೂರ. ಅವಳು ಕಾಲು ಒಳಗೆ ತೆಗೆದುಕೊಂಡಳು.

"ಇಲ್ಲ ದೀದಿ, ಓಡಲ್ಲ... ಕೇಳಿ ಇಲ್ಲಿ. ನಾನು ಓಡಿದ್ರೆ ಆ ಹುಡುಗೀನ ಕರ್ಕೊಂಡು ಹೊರಟುಹೋಗ್ತಾನೆ. ಮತ್ತೆ ಅವಳೂ ಸಿಗಲ್ಲ. ಬೇಡ ಅಂತ ಕೈ ಹಿಡಿದಿದ್ಲು, ನಾನು ನಕ್ಕಿದ್ದೆ. ಇನ್ನೊಂದು ಸಲ ಬಿಟ್ಟುಕೊಡ್ಲಾ?... ಬಣ್ಣ ಹಚ್ಚೋದು ತಾನೇ, ಎಷ್ಟು ಹೊತ್ತು ಬೇಕಾದ್ರೂ ಎಳೀತೀನಿ. ಕ್ರಿಷ್ನೀಲ್ ಬರೋವರೆಗೂ ಕೂರಿಸ್ಕೋತೀನಿ ಇಬ್ರನ್ನೂ. ಫೋನ್ ಕಟ್ ಮಾಡಲ್ಲ, ಪೌಡರ್ ಡಬ್ಬಿಗಳ ಹಿಂದೆ ಇಡ್ತೀನಿ. ನೀವು ಮಾತ್ರ ಉಸಿರೆತ್ತಬೇಡಿ."

"ಬುಲಾ ಭೈಯಾ! ಬನ್ನಿ, ಬನ್ನಿ. ಎಂಥಾ ಸೆಖೆ ಅಲ್ವಾ... ಒಬ್ರೇ ಬಂದ್ರಾ? ಅವರೆಲ್ಲಿ, ಗಾಡೀಲಾ?"

"ಹುಷಾರಿಲ್ವಾ? ಏನಾಯ್ತು?... ಮತ್ತೆ ಮಾಡೋದು ಯಾರಿಗೆ? ಇನ್ನೊಂದಿನ ಇಟ್ಕೊಳ್ಳೋಣ ಬಿಡಿ, ಸುಧಾರಿಸ್ಲಿ... ಇವತ್ತೇ ಆಗ್ಬೇಕಾ?... ಮನೇಲಿ ಯಾರಿದ್ದಾರೆ ಅವರ ಜೊತೆ? ಒಬ್ರನ್ನೇ ಬಿಟ್ಟು ಬಂದ್ರಾ?... ಏನೂ ಬೇಕಾಗಲ್ವಾ? ಹಾಗಂದ್ರೆ?"

ಕಮಿನೇಶನ ಅಂಗಿಯ ತೋಳು ಮೊಣಕೈವರೆಗೂ ಒದ್ದೆಯಾಗಿತ್ತು, ಈಗಷ್ಟೇ ತೊಳೆದುಕೊಂಡು ಬಂದವನ ಹಾಗೆ. ಕೋಣೆಯಲ್ಲಿ ಕಣ್ಣಾಡಿಸಿ, ಕೊನೆಗೆ ಅವಳನ್ನು ತಲೆಯಿಂದ ಕಾಲವರೆಗೆ ನೋಡಿದ. ಬಟ್ಟೆ ಅಳತೆ ತೆಗೆಯುವ ದರ್ಜಿ ನೋಡುವ ಹಾಗೆ. ಆಮೇಲೆ ಮೆತ್ತಗೆ ಏನೋ ಹೇಳಿದ.

"ಯಾರು, ನಾನಾ?... ತಮಾಷೆ ಮಾಡ್ಬೇಡಿ ಭೈಯಾ... ಎತ್ತರ ಅಷ್ಟೇ ಇದ್ರೆ ಆಯ್ತಾ? ನಾನು ಇನ್ನೊಬ್ಬರ ಹೆಸರಲ್ಲಿ ಹೋಗಿ ಸಹಿ... ಅರ್ಧ ಗಂಟೆಯೋ ಅರ್ಧ ದಿನವೋ, ನನ್ನ ಕೈಲಾಗಲ್ಲ."

"ಬಾಗಿಲಿಗೆ ಚಿಲಕ ಯಾಕೆ ಹಾಕಿದ್ರಿ?... ಮಸಿ ಬಂದ್ರೆ ಬರ್ಲಿ ಬಿಡಿ. ತೆಗೀರಿ ಭೈಯಾ."

"ಆಯ್ತು... ಆಯ್ತು, ಕೂತ್ಕೋತೀನಿ. ಕೈ ಬಿಡಿ, ನೋಯ್ತಿದೆ. ನಾನೇ ಕೂತ್ಕೋತೀನಿ."

ಕನ್ನಡಿಯಲ್ಲಿ ಅವಳ ಮುಖ, ಅದರ ಮೇಲೆ ಅವನ ಮುಖ. ಅವನು ತನ್ನ ಫೋನಿನ ಫೋಟೋವನ್ನು ಅವಳ ಕೆನ್ನೆ ಪಕ್ಕಕ್ಕೆ ಹಿಡಿದ. ರೊನೀಲಾ ಬ್ರಷ್ ಎತ್ತಿಕೊಂಡಳು. ಮಾತು ನಿಲ್ಲಿಸಿದರೆ ತನಗೆ ಅಳು ಬರುತ್ತದೆಂದು ಮಾತಾಡುತ್ತಲೇ ಹೋದಳು.

"ಹೊತ್ತು ಹಿಡಿಯುತ್ತೆ ಭೈಯಾ. ಒಂದು ಪದರ ಒಣಗದೆ ಇನ್ನೊಂದು ಹಚ್ಚಿದ್ರೆ ಬಿರುಕು ಬಿಡುತ್ತೆ... ಬೇಗ ಅಂದ್ರೆ ಹೇಗೆ? ಅಧಿಕಾರಿ ಹತ್ತಿರದಿಂದ ನೋಡ್ತಾನಲ್ಲ... ಹುಬ್ಬು ಇನ್ನೂ ದಪ್ಪ ಬೇಕಾ? ನನ್ನದು ತೆಳು, ಆರ್ತಿಕಾ ದೀದೀದು ಸ್ವಲ್ಪ..."

ಕನ್ನಡಿಯಲ್ಲಿ ಅವನ ಕಣ್ಣು ಅಲ್ಲಾಡದೆ ನಿಂತಿತು.

"ಏನು?... ಹೆಸರಾ? ನೀವೇ ಹೇಳಿದ್ರಲ್ಲ ಅವತ್ತು... ಹೇಳಿರ್ಲಿಲ್ವಾ?... ಹೇಳಿದ್ರಿ ಭೈಯಾ, ಮರೆತಿದ್ದೀರಿ... ಯಾರೂ ಇಲ್ಲ, ಯಾರ ಹತ್ರಾನೂ ಮಾತಾಡಿಲ್ಲ... ಆ ಡಬ್ಬಿಗಳಲ್ಲಿ ಏನೂ ಇಲ್ಲ, ಬರೀ ಪೌಡರ್. ಮುಟ್ಬೇಡಿ, ಚೆಲ್ಲುತ್ತೆ... ಬೇಡ ಭೈಯಾ... ಶಲೇಶ್ನಿ ದೀದಿ! ಒಬ್ನೇ ಬಂದಿದ್ದಾನೆ, ಹುಡುಗಿ ಇಲ್ಲ, ಮುಂದಿನ ಬಾಗಿಲಿಗೆ ಚಿಲಕ ಹಾಕಿದ್ದಾನೆ, ಕ್ರಿಷ್ನೀಲ್‌ಗೆ ಹೇಳಿ, ಹಿಂಬಾಗಿಲು ತೆ..."