ಎಸೆದ ಹಗ್ಗ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ದರ್ಜಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆಲ್ಲಿದೆ? ಪಕ್ಕದಲ್ಲೇ ದೋಣಿಯವನೊಬ್ಬನನ್ನು ಅವನ ಹೆಂಡತಿ ವಿಚಾರಣೆಗೆ ಹಿಡಿದಿದ್ದಳು.

“ಆಪರೇಷನ್ ಆಗಿ ಎಂಟೇ ದಿನ. ಕಣ್ಣು ಕೆಂಡ ಆಗಿದೆ. ನೀರಿಗೆ ಇಳಿದ್ರಾ?”

“ಇಲ್ಲ ಕಣೇ. ಹಲಗೆಗೆ ಹಾಯಿ ಕಟ್ಕೊಂಡು ಆಡ್ತಾರಲ್ಲ, ಅಂಥೋನೊಬ್ಬ ಗಾಳಿ ನಿಂತು ನಡುನೀರಲ್ಲಿ ಸಿಕ್ಕಾಕ್ಕೊಂಡಿದ್ದ. ದೋಣೀಲಿ ನಿಂತೇ ಹಗ್ಗ ಎಸೆದೆ, ದಡಕ್ಕೆ ಎಳ್ಕೊಂಡು ಬಂದೆ.”

“ಯಾವ ಹಗ್ಗ?”

“ಯಾವುದೋ ಒಂದು.”

“ದೋಣೀಲಿ ಇರೋದೇ ಒಂದು. ನೀಲಿದು.”

“ಹೂಂ, ಅದೇ.”

“ಅದು ಮೊನ್ನೆಯಿಂದ ನಮ್ಮ ಹಿತ್ತಲಲ್ಲಿದೆ. ಬಟ್ಟೆ ಒಣಹಾಕೋಕೆ ಅಂತ ನಾನೇ ಬಿಚ್ಕೊಂಡು ಬಂದು ಕಟ್ಟಿದೀನಿ.”

ದೋಣಿಯವನ ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದು ದರ್ಜಿಗೆ ಕೇಳಿತು.

“ಹಾರಿದ್ರಿ ತಾನೇ?”

“ಕೈ ಸೋತು ಹಲಗೆ ಬಿಡ್ತಿದ್ದ. ಎಸೆಯೋಣ ಅಂತ ನೋಡಿದ್ರೆ ಹಗ್ಗಾನೇ ಇಲ್ಲ. ಇನ್ನೇನು ಮಾಡ್ಲಿ?”

“ಈಗ ಹೇಗಿದಾನೆ?”

“ಚೆನ್ನಾಗಿದಾನೆ. ತಾನೇ ನಡ್ಕೊಂಡು ಮನೆಗೆ ಹೋದ.”

“ಮತ್ತೆ ನನ್ನ ಹತ್ರ ಯಾಕೆ ಸುಳ್ಳು?”

ಒಳಗಿನಿಂದ ನರ್ಸ್ ಕರೆದಳು. ಇಬ್ಬರೂ ಎದ್ದರು, ಬೆಂಚು ಹಗುರಾಯಿತು.

“ನಿನ್ನೆ ಸಂಜೆ ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ನನ್ನ ಅಂಗೀನೇ ಒಣಗ್ತಿತ್ತು. ನಿನ್ನಿಂದ ಒಂದು ಜೀವ ಹೋಗ್ತಿತ್ತು ಅಂತ ಹೇಗೆ ಹೇಳ್ಲಿ?”

ಬಾಗಿಲು ಮುಚ್ಚುವವರೆಗೂ ಆಕೆಯ ಬಾಯಿಂದ ಇನ್ನೊಂದು ಪ್ರಶ್ನೆ ಬರಲಿಲ್ಲ.