ಫೋಟೋದಲ್ಲಿದ್ದ ಇನ್ನೊಂದು ಕೈ

ನೋಡಿ, ನಿಮ್ಮ ಮಗ ಲಾರಿ ಓಡಿಸುತ್ತೇನೆ ಎಂದರೆ ಮೊದಲು ಲೈಸೆನ್ಸ್ ಮಾಡಿಸು ಅನ್ನುತ್ತೀರಿ. ಕ್ಷೌರದಂಗಡಿ ಇಡುವವನು ಕೂಡ ಇನ್ನೊಬ್ಬರ ಅಂಗಡಿಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿತು ಬಂದಿರುತ್ತಾನೆ. ಕಲಿಯದವನ ಮುಂದೆ ನೀವು ತಲೆ ಬಗ್ಗಿಸುತ್ತೀರಾ? ಇಲ್ಲ. ಕಿವಿ ಹೋದೀತೆಂಬ ಭಯ. ಆದರೆ ದಾನ ಮಾಡುವುದಕ್ಕೆ? ದಾನಕ್ಕೆ ಯಾವ ಕಲಿಕೆಯೂ ಬೇಡ! ಜೇಬಿನಲ್ಲಿ ದುಡ್ಡಿರಬೇಕು, ಎದುರಿಗೆ ಫೋಟೋ ತೆಗೆಯುವವನಿರಬೇಕು, ಮುಗಿಯಿತು. ಇದನ್ನು ಈ ಮಠದ ವೇದಿಕೆಯಿಂದ ಎಷ್ಟು ಸಲ ಹೇಳಿಯಾಯಿತೋ, ನೀವು ಎಷ್ಟು ಸಲ ತಲೆಯಾಡಿಸಿಯಾಯಿತೋ. ತಲೆಯಾಡಿಸುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಬಿಡಿ. ಇವತ್ತು ಉಪದೇಶ ಬೇಡ. ಒಂದು ಕಥೆ ಕೇಳಿ.

ಒಂದು ಊರು. ಯಾವ ಊರೆಂದು ಅಕ್ಕಪಕ್ಕ ನೋಡಬೇಡಿ. ಆ ಊರಿನಲ್ಲೊಬ್ಬ ಸಾಹುಕಾರ. ಶೇಂಗಾ ಎಣ್ಣೆಯ ಮಿಲ್ಲು ಅವನದು. ಮಿಲ್ಲಿನ ಎದುರಿಗೇ ಮೆಣಸಿನಕಾಯಿ ಮಾರುಕಟ್ಟೆಯ ಅಂಗಳ. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಸಾಹುಕಾರನ ಹೆಸರು ಹೇಳುವುದಿಲ್ಲ. ಅದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೂ ದವಾಖಾನೆಯ ಫ್ಯಾನಿನ ರೆಕ್ಕೆಗಳ ಮೇಲೂ ಇದೆ, ಅಷ್ಟು ಸಾಕು.

ಅವನು ಕೆಟ್ಟವನಲ್ಲ. ಇದನ್ನು ನೆನಪಿಡಿ, ಕೆಟ್ಟವನಲ್ಲ. ಅವನ ಅಪ್ಪ ಕೊನೆಗಾಲದಲ್ಲಿ ಚಳಿ ಚಳಿ ಎಂದು ನಡುಗುತ್ತ ತೀರಿಕೊಂಡ. ಮಗನ ಮನಸ್ಸಿಗೆ ಅದು ನಾಟಿತು. ಪ್ರತಿ ವರ್ಷ ಅಪ್ಪನ ಪುಣ್ಯತಿಥಿಯಂದು ಬಡವರಿಗೆಲ್ಲ ಕಂಬಳಿ ಹಂಚುತ್ತ ಬಂದ. ಒಳ್ಳೆಯದೇ ಅಲ್ಲವೇ? ಒಳ್ಳೆಯದೇ. ಆದರೆ ಅಪ್ಪ ತೀರಿಕೊಂಡಿದ್ದು ಚೈತ್ರ ಮಾಸದಲ್ಲಿ! ನೆತ್ತಿ ಸುಡುವ ಬಿಸಿಲಿನಲ್ಲಿ ಮುದುಕಿಯರು ಕಂಬಳಿಗೆ ಕೈ ಚಾಚಿ ನಿಲ್ಲುತ್ತಿದ್ದರು. ಫೋಟೋದವನು ಕೂಗುತ್ತಿದ್ದ: "ಸಾವ್ಕಾರ್ರ, ಈ ಕಡೆ ನೋಡ್ರಿ! ಯವ್ವಾ, ಹೊದ್ಕೊಬೇ! ಪೂರಾ ಹೊದ್ಕೊ!" ಬೆವರು ಸುರಿಸುತ್ತ ಅವರು ಹೊದ್ದುಕೊಳ್ಳುತ್ತಿದ್ದರು. ಸಾಹುಕಾರ ಕ್ಯಾಮೆರಾದತ್ತ ತಿರುಗಿ ನಗುತ್ತಿದ್ದ.

ಒಂದು ವರ್ಷ ಕಂಬಳಿಯ ಜೊತೆಗೆ ಹೊಲಿಗೆ ಯಂತ್ರಗಳನ್ನೂ ಕೊಟ್ಟ. ಮುಂದೊಂದು ದಿನ ಅವನ್ನು ಪಡೆದವರ ಓಣಿಯಲ್ಲಿ ಹಾದು ಹೋಗುವಾಗ ಮನೆಗಳ ಒಳಗೆ ಇಣುಕಿದ. ಒಂದು ಮನೆಯಲ್ಲಿ ಯಂತ್ರದ ಮೇಲೆ ಟಿವಿ ಕೂತಿದೆ. ಇನ್ನೊಂದು ಮನೆಯಲ್ಲಿ ನೀರಿನ ಕೊಡ. ಅವನಿಗೆ ಮೈಯೆಲ್ಲ ಉರಿದುಹೋಯಿತು. "ಈ ಮಂದಿಗೆ ಏನ್ ಕೊಟ್ರೂ ದಂಡ!" ಎಂದು ಕಾರಿನಲ್ಲೇ ಗುಡುಗಿದ. ಅವರಲ್ಲಿ ಯಾರಿಗೆ ಹೊಲಿಗೆ ಬರುತ್ತದೆ ಎಂದು ಕೇಳಿದ್ದನೇ? ಬರದಿದ್ದರೆ ಕಲಿಸುವವರನ್ನು ನೇಮಿಸಿದ್ದನೇ? ಸೂಜಿ ಮುರಿದರೆ ಎಲ್ಲಿ ಸಿಗುತ್ತದೆ ಎಂದಾದರೂ ಹೇಳಿದ್ದನೇ? ಇಲ್ಲ. ಸಿಟ್ಟು ಮಾತ್ರ ಬಂತು.

ಆ ಸಿಟ್ಟನ್ನು ಅವನು ತನ್ನ ಗೆಳೆಯನೊಬ್ಬನ ಮುಂದೆ ತೋಡಿಕೊಂಡ. ಗೆಳೆಯ ಅದೇ ಊರಿನ ಡಾಕ್ಟರು, ಬಾಯಿ ಸ್ವಲ್ಪ ಹರಿತ.

"ಸಾವ್ಕಾರ್ರ, ಮಿಲ್ಲಿಗೆ ಮ್ಯಾನೇಜರ್ ಬೇಕಾದ್ರ ಎಂಥವನ್ನ ಹುಡುಕ್ತೀರಿ?"

"ಕೆಲಸ ಕಲ್ತವನ್ನ."

"ಮತ್ತ ನಿಮ್ಮ ಟ್ರಸ್ಟ್ ಯಾರು ನೋಡ್ಕೊತಾರ?"

"ನಮ್ಮ ಅಳಿಯ ಅದಾನಲ್ಲ!"

"ಹಾಂ. ಅದ ನೋಡ್ರಿ ರೋಗ," ಎಂದ ಡಾಕ್ಟರು.

ನಗಬೇಡಿ. ನಿಮ್ಮ ಟ್ರಸ್ಟುಗಳಲ್ಲಿ ಎಷ್ಟು ಅಳಿಯಂದಿರಿದ್ದಾರೆಂದು ಮನೆಗೆ ಹೋಗಿ ನೋಡಿಕೊಳ್ಳಿ.

ಡಾಕ್ಟರು ಹೇಳಿದ್ದು ಇಷ್ಟು. ನಗರದ ಕಾಲೇಜೊಂದರಲ್ಲಿ ದಾನದ ಸಂಸ್ಥೆಗಳನ್ನು ನಡೆಸುವ ಬಗ್ಗೆಯೇ ಒಂದು ವರ್ಷದ ತರಬೇತಿ ಇದೆ. ಯಾರಿಗೆ ಏನು ಬೇಕೆಂದು ಕೇಳಿ ತಿಳಿಯುವುದು, ಕೊಟ್ಟಿದ್ದು ಉಪಯೋಗಕ್ಕೆ ಬಂತೋ ಇಲ್ಲವೋ ಎಂದು ತಿರುಗಿ ಹೋಗಿ ನೋಡುವುದು, ಇದನ್ನೆಲ್ಲ ಕಲಿಸುತ್ತಾರೆ. "ಆದ್ರ ಫೀ ದೊಡ್ಡದು. ಹಂಗಾಗಿ ಬರೇ ಕೊಡೋ ಮನಿ ಹುಡುಗ್ರು ಅಲ್ಲಿ ಕುಂತಿರತಾರ. ತಗೊಳ್ಳೋ ಮನಿಯವರು ಒಬ್ಬರಾದ್ರೂ ಅಲ್ಲಿ ಕುಂದರಬೇಕಲ್ಲ? ಒಂದು ವಿದ್ಯಾರ್ಥಿವೇತನ ಇಡ್ರಿ. ಕಲ್ತು ಬಂದವರ ಕೈಗೆ ಟ್ರಸ್ಟ್ ಕೊಡ್ರಿ."

ಸಾಹುಕಾರನಿಗೆ ಹಿಡಿಸಿತು. ಅಪ್ಪನ ಹೆಸರಿನಲ್ಲಿ ವಿದ್ಯಾರ್ಥಿವೇತನ ಘೋಷಣೆಯಾಯಿತು. ಷರತ್ತುಗಳನ್ನು ಬರೆಯಲು ತನ್ನ ಗೆಳೆಯ ಬಂಗಾರದಂಗಡಿಯವನನ್ನು ಕೂರಿಸಿಕೊಂಡ. ವಯಸ್ಸು ಇಪ್ಪತ್ತೈದು ಮೀರಿರಬಾರದು. ಸರಿ. ಪದವಿ ಆಗಿರಬೇಕು. ಸರಿ. ಆಮೇಲೆ ಇಬ್ಬರೂ ಯೋಚಿಸಿ ಇನ್ನೊಂದನ್ನು ಸೇರಿಸಿದರು. ಅರ್ಜಿದಾರರಿಗೆ ಮೂರು ವರ್ಷ ದಾನಧರ್ಮದ ಅನುಭವ ಇರಬೇಕು. ಪುರಾವೆಗೆ ಫೋಟೋ ಲಗತ್ತಿಸಬೇಕು!

ಏನು ಹೇಳೋಣ ಇದಕ್ಕೆ? ಅಕ್ಷರ ಬಾರದವರಿಗೆಂದು ಶಾಲೆ ತೆರೆದು, 'ಈ ಬೋರ್ಡು ಓದಿದವರು ಮಾತ್ರ ಒಳಗೆ ಬನ್ನಿ' ಎಂದು ಬರೆದಂತಾಗಲಿಲ್ಲವೇ? ಕೊಡುವ ಸ್ಥಿತಿಯಲ್ಲಿ ಎಂದೂ ಇಲ್ಲದವರು ಕೊಟ್ಟ ಫೋಟೋ ಎಲ್ಲಿಂದ ತರಬೇಕು?

ಮೊದಲ ಸಲ ಬಂಗಾರದಂಗಡಿಯವನ ಮಗನೇ ಆಯ್ಕೆಯಾದ. ದೊಡ್ಡ ಆಲ್ಬಂ ತಂದಿದ್ದ. ಕಲಿತು ಬಂದವನು ಟ್ರಸ್ಟಿಗೆ ಹೊಸ ಲಾಂಛನ ಮಾಡಿಸಿದ. ಆಮೇಲೆ ರಾಜೀನಾಮೆ ಕೊಟ್ಟು ಅಪ್ಪನ ಅಂಗಡಿಯಲ್ಲಿ ಹೋಗಿ ಕೂತ. ಆ ಚೈತ್ರದಲ್ಲಿ ಮತ್ತೆ ಕಂಬಳಿ.

ಎರಡನೆಯ ಸಲ ಒಬ್ಬ ಹುಡುಗಿ ಬಂದಳು. ಇವಳಿಗೆ ಮಾತ್ರ ಹೆಸರು ಹೇಳುತ್ತೇನೆ, ಯಾಕೆಂದರೆ ಅವಳ ಹೆಸರನ್ನು ಎಲ್ಲೂ ಬರೆದಿರಲಿಲ್ಲ. ಕಸ್ತೂರಿ ಎಂದು. ತಾಯಿ ಅದೇ ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವವಳು. ಮಗಳು ಬಿ.ಎ. ಮುಗಿಸಿದ್ದಳು. ಆ ವರ್ಷ ಸಿಗದಿದ್ದರೆ ವಯಸ್ಸಿನ ಮಿತಿ ದಾಟುತ್ತಿತ್ತು. ಸ್ವಂತ ದುಡ್ಡಿನಲ್ಲಿ ಆ ಕಾಲೇಜಿನ ಮೆಟ್ಟಿಲು ಹತ್ತುವುದು ಅವಳಿಂದ ಸಾಧ್ಯವಿರಲಿಲ್ಲ. ಇದೊಂದೇ ಬಾಗಿಲು.

ಸಂದರ್ಶನದ ದಿನ ಸಾಹುಕಾರ ಬೆಳಿಗ್ಗೆಯಿಂದಲೇ ರೇಗಿದ್ದ. ಯಾಕೆ ರೇಗಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಹೋದ ಸಲದ ಹುಡುಗ ಕೈಕೊಟ್ಟಿದ್ದ, ಪಕ್ಕದಲ್ಲಿ ಅದೇ ಹುಡುಗನ ಅಪ್ಪ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ.

"ಯಾರ ಮಗಳವಾ ನೀ?"

"ಗುರುತ ಹತ್ತಲಿಲ್ಲೇನ್ರಿ? ನಿಮ್ಮ ಕೈಲೆ ವರ್ಷಾ ವರ್ಷಾ ತಗೊಂಡೀನಲ್ರಿ."

"ಎಷ್ಟ ಮಂದಿಗೆ ಕೊಡ್ತೀನಿ, ಎಲ್ಲರ ಮುಖ ನೆನಪಿರ್ತಾವೇನು? ಅನುಭವದ ಫೋಟೋ ಎಲ್ಲಿ?"

ಅವಳು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಪೇಪರಿನಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿಟ್ಟಿದ್ದಳು. ಎರಡು ಜಡೆಯ ಚಿಕ್ಕ ಹುಡುಗಿ ಶಾಲೆಯ ಪಾಟಿಚೀಲ ತೆಗೆದುಕೊಳ್ಳುತ್ತಿದ್ದಾಳೆ. ಅದೇ ಹುಡುಗಿ ಸ್ವಲ್ಪ ಬೆಳೆದು ತಾಯಿಯ ಜೊತೆ ಕಂಬಳಿ ಹೊದ್ದು ನಿಂತಿದ್ದಾಳೆ. ಇನ್ನೊಂದರಲ್ಲಿ ಹೊಲಿಗೆ ಯಂತ್ರ. ಎಲ್ಲದರಲ್ಲೂ ಸಾಹುಕಾರ. ಎಲ್ಲದರ ಕೆಳಗೂ ಅವನ ಹೆಸರು, ಆಮೇಲೆ 'ಹಾಗೂ ಫಲಾನುಭವಿಗಳು'.

"ಏ, ಇವು ನನ್ನ ಫೋಟೋ!" ಎಂದ ಸಾಹುಕಾರ.

"ನನ್ನವೂ ಹೌದಲ್ರಿ. ದಾನಕ್ಕ ಎರಡು ಕೈ ಬೇಕು. ಒಂದ ಕೈಗಷ್ಟ ಅನುಭವ ಇರ್ತೈತೇನ್ರಿ?"

ಬಂಗಾರದಂಗಡಿಯವನು ಜಗಿಯುವುದನ್ನು ನಿಲ್ಲಿಸಿದ. "ನಾಲಿಗಿ ಭಾಳ ಉದ್ದ ಐತಿ ಇದರದು."

"ಉಂಡು ತಿಂದು ಈಗ ಜಗಳಕ್ಕ ಬಂದೀಯೇನು?" ಎಂದು ಸಾಹುಕಾರ ಚಿತ್ರಗಳನ್ನು ಅವಳತ್ತ ತಳ್ಳಲು ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಇಷ್ಟು ಚಿತ್ರಗಳನ್ನು ಒಟ್ಟಿಗೆ ಅವನು ಎಂದೂ ನೋಡಿರಲಿಲ್ಲ. ಒಂದರಲ್ಲಾದರೂ ಅವನು ತೆಗೆದುಕೊಳ್ಳುವವರ ಕಡೆ ನೋಡುತ್ತಿರಲಿಲ್ಲ. ಪಾಟಿಚೀಲ ಕೊಡುವಾಗಲೂ ಕ್ಯಾಮೆರಾ. ಕಂಬಳಿ ಕೊಡುವಾಗಲೂ ಕ್ಯಾಮೆರಾ. ಮುಖ ನೆನಪಿಲ್ಲ ಎಂದನಲ್ಲ, ನೋಡಿದ್ದರೆ ತಾನೇ ನೆನಪಿರುವುದು?

ಆಮೇಲೆ ಅವನ ಕಣ್ಣು ಕಂಬಳಿಯ ಕೆಳಗೆ ಚಾಚಿದ್ದ ತಾಯಿಯ ಕೈಯ ಮೇಲೆ ಬಿತ್ತು. ಬೆರಳುಗಳು ಬಾತು, ಚರ್ಮ ಸುಲಿದಿತ್ತು.

"ಇದೇನು, ನಿಮ್ಮವ್ವನ ಕೈಗೆ?"

"ಮೆಣಸಿನಕಾಯಿ ಉರಿರೀ. ದಿನಾ ಹಂಗ. ರಾತ್ರಿ ನಿದ್ದಿ ಹತ್ತಂಗಿಲ್ಲ."

ಸಾಹುಕಾರ ಕೆಟ್ಟವನಲ್ಲ ಎಂದು ಹೇಳಿದೆನಲ್ಲ? ಅವನ ಕರುಳು ಚುರ್ ಎಂದಿತು. ಚುರ್ ಎಂದ ತಕ್ಷಣ ಏನು ಮಾಡಿದ ಹೇಳಿ? ನೀವು ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿದ. ಮೇಜು ಗುದ್ದಿ ಹೇಳಿದ: "ನಾಳೆನ ಆ ಅಂಗಳದಾಗ ದೊಡ್ಡ ನೀರಿನ ಟಾಕಿ ಕಟ್ಟಸೂಣು! ಅಪ್ಪನ ಹೆಸರ ಹಾಕಿ! ಎಲ್ಲಾರೂ ಕೈ ತೊಳ್ಕೊಳ್ಳಲಿ!"

ಕಸ್ತೂರಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಸಾವ್ಕಾರ್ರ, ಮತ್ತ ಕೇಳದ ಕೊಟ್ರಲ್ರಿ! ಬರೇ ನೀರು ಹಾಕಿದ್ರ ಉರಿ ಕೈತುಂಬ ಹರಡತೈತಿ. ಎಣ್ಣಿ ಹಚ್ಚಬೇಕ್ರಿ, ಎಣ್ಣಿ."

ವಿಜ್ಞಾನ ಓದಿದವರು ಇಲ್ಲಿದ್ದೀರಿ, ನಿಮಗೆ ಗೊತ್ತು. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸಾಬೂನು ಹಾಕಿ ತೊಳೆಯಬೇಕು. ಆ ಎಣ್ಣೆ ಯಾರ ಹತ್ತಿರ ಇತ್ತು? ರಸ್ತೆಯ ಈಚೆ ಬದಿಗೆ ಎಣ್ಣೆಯ ಮಿಲ್ಲು, ಆಚೆ ಬದಿಗೆ ಉರಿಯುವ ಕೈಗಳು. ನಡುವೆ ವರ್ಷ ವರ್ಷ ಕಂಬಳಿ, ಕಂಬಳಿ, ಕಂಬಳಿ!

ಸಾಹುಕಾರನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವನಿಗೆ ಸಿಟ್ಟೇ ಬರುತ್ತಿತ್ತು. "ನಿನಗ ಎಲ್ಲಾ ಗೊತ್ತೈತಲ್ಲ! ಮತ್ತ ಕಲಿಯಾಕ ಯಾಕ ಹೊಂಟೀ?"

ಇಲ್ಲಿಯ ತನಕ ಪಟಪಟ ಮಾತಾಡಿದವಳು ಈಗ ದನಿ ತಗ್ಗಿಸಿದಳು.

"ಗೊತ್ತಿಲ್ರಿ. ಹೋದ ಸುಗ್ಗಿಗೆ ಮನಿ ಮನಿಗೆ ತಿರುಗಿ ರೊಕ್ಕ ಕೂಡಿಸಿ, ಅಂಗಳದ ಹೆಂಗಸರಿಗೆಲ್ಲ ಕೈಗವಸು ತಂದುಕೊಟ್ಟೆ. ಭಾಳ ಜಂಬ ಆಗಿತ್ತು ನನಗ. ಒಬ್ಬರೂ ಹಾಕ್ಕೊಳ್ಳಲಿಲ್ರಿ. ಕೂಲಿ ಕಿಲೋ ಲೆಕ್ಕದಾಗ ಕೊಡ್ತಾರ, ಕೈಗವಸು ಹಾಕ್ಕೊಂಡ್ರ ತೊಟ್ಟು ಲಗೂ ಬಿಡಂಗಿಲ್ಲ. ನಮ್ಮವ್ವನ ಹಾಕ್ಕೊಳ್ಳಲಿಲ್ಲ. ನಾನೂ ನಿಮ್ಮಂಗ ಕೇಳದ ಕೊಟ್ಟೆ. ನನಗ ನೋವು ಗೊತ್ತೈತ್ರಿ, ಕೆಲಸ ಗೊತ್ತಿಲ್ಲ. ಅದನ್ನ ಕಲೀಬೇಕು."

ಈ ಮಾತನ್ನು ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ. ನೋವು ಗೊತ್ತಿದೆ, ಕೆಲಸ ಗೊತ್ತಿಲ್ಲ. ಮೇಜಿನ ಈಚೆ ಕುಳಿತಿದ್ದವರಿಗೆ ಎರಡೂ ಗೊತ್ತಿರಲಿಲ್ಲ.

ಸಾಹುಕಾರ ಷರತ್ತಿನ ಹಾಳೆ ಎಳೆದುಕೊಂಡು ಆ ಅನುಭವದ ಸಾಲಿನ ಮೇಲೆ ಪೆನ್ನಿನಿಂದ ಗೀಟು ಹಾಕಿದ. ಬಂಗಾರದಂಗಡಿಯವನು ಬಾಯಿ ತೆರೆದ: "ಅಲ್ರಿ, ಅನುಭವ ಇಲ್ಲದ..."

"ಅನುಭವ ಇದ್ದವನ್ನ ಹೋದ ಸಲ ನೋಡೇವಲ್ಲ. ಲಾಂಛನ ಚಂದ ಮಾಡ್ಯಾನ. ಸುಮ್ನ ಕುಂದರು."

ಕಸ್ತೂರಿ ಹೋದಳು, ಕಲಿತಳು, ಮರಳಿ ಬಂದಳು. ಸಾಹುಕಾರನ ಪಾಡು ಕೇಳಬೇಡಿ. ಏನು ಕೊಡಬೇಕೆಂದರೂ ಅವನನ್ನು ಮೊದಲು ಆ ಅಂಗಳಕ್ಕೆ ಕರೆದುಕೊಂಡು ಹೋಗಿ, ಘಾಟಿನಲ್ಲಿ ಸೀನುತ್ತ ಹೆಂಗಸರ ನಡುವೆ ಕೂರುವಂತೆ ಮಾಡುತ್ತಿದ್ದಳು. ಅವರು ಮಾತಾಡಬೇಕು, ಇವನು ಕೇಳಬೇಕು. ಹೊಲಿಗೆ ಯಂತ್ರಗಳನ್ನು ಒಂದು ಕೋಣೆಗೆ ತರಿಸಿ, ಹೊಲಿಗೆ ಬಲ್ಲ ಒಬ್ಬಳನ್ನು ಸಂಬಳಕ್ಕೆ ಇಟ್ಟಳು. ಆ ಚೈತ್ರದಲ್ಲಿ ಕಂಬಳಿ ಇಲ್ಲ. ಪ್ರತಿ ಸಾಲಿಗೊಂದು ಎಣ್ಣೆಯ ಡಬ್ಬಿ, ಸಾಬೂನು. ಅದೂ ಒಂದು ದಿನಕ್ಕಲ್ಲ, ಸುಗ್ಗಿ ಮುಗಿಯುವ ತನಕ.

"ಡಬ್ಬಿ ಮ್ಯಾಲ ಅಪ್ಪನ ಹೆಸರು?" ಎಂದು ಸಾಹುಕಾರ ಮೆಲ್ಲಗೆ ಕೇಳಿದ.

"ಬರಸ್ರಿ. ಆದ್ರ ಎಣ್ಣಿ ಕೈಲೆ ಹಿಡದು ಹಿಡದು ಅಳಸತೈತಿ."

ಬರೆಸಿದ. ಅಳಿಸಿತು. ಮತ್ತೆ ಬರೆಸಿದ. ಮತ್ತೆ ಅಳಿಸಿತು. ಪೇಂಟರ್ ಮೂರನೆಯ ಸಲ ಕುಂಚ ಹಿಡಿದು ಬಂದಾಗ ಸಾಹುಕಾರ ಅಂಗಳದಲ್ಲಿ ಕಸ್ತೂರಿಯ ತಾಯಿಯ ಎದುರಿಗೆ ಕುಳಿತಿದ್ದ. ಅವಳ ಕೈ ನೋಡುತ್ತಿದ್ದ. ಬಾವು ಇಳಿದಿತ್ತು. "ನಡಿ, ಸಾಕು," ಎಂದು ಪೇಂಟರನನ್ನು ಕಳಿಸಿಬಿಟ್ಟ.

ಕಥೆ ಮುಗಿಯಿತು. ಈಗ ಮುಂದಿನ ಸಾಲಿನಲ್ಲಿ ಕುಳಿತಿರುವವರೇ, ಗೋಡೆಯ ಕಡೆ ನೋಡಬೇಡಿ, ನಿಮಗೇ ಹೇಳುತ್ತಿರುವುದು.

ಕೊಡುವ ಮೊದಲು ಹೋಗಿ ಕೇಳಿ. ಕೊಟ್ಟ ಮೇಲೆ ತಿರುಗಿ ಹೋಗಿ ನೋಡಿ. ಇದು ನಾಳೆಯಿಂದಲೇ ಆಗುವ ಕೆಲಸ, ದುಡ್ಡು ಬೇಕಿಲ್ಲ. ಇನ್ನೊಂದಕ್ಕೆ ದುಡ್ಡು ಬೇಕು, ಅದು ನಿಮ್ಮ ಹತ್ತಿರ ಇದೆ. ಈ ಸಲ ಗೋಪುರಕ್ಕೆ ಬಣ್ಣ ಹೊಡೆಸುತ್ತೇವೆ ಎಂದು ಬಂದಿದ್ದಿರಲ್ಲ? ಗೋಪುರ ಒಂದು ವರ್ಷ ಕಾಯುತ್ತದೆ. ಆ ಹಣದಲ್ಲಿ ನಮ್ಮ ದಾಸೋಹದ ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತು ಬೆಳೆದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ಕೆಲಸ ಕಲಿಯಲು ಕಳಿಸಿ. ಫೀ ಕೊಡಿ, ಊಟ ವಸತಿ ಕೊಡಿ, ಮನೆಯಲ್ಲಿ ಅವರ ದುಡಿಮೆ ನಿಂತರೆ ಅದಕ್ಕೂ ಕೊಡಿ. ಅನುಭವ ತಾ, ಶಿಫಾರಸು ತಾ ಎಂದು ಬಾಗಿಲಲ್ಲಿ ಅಡ್ಡ ನಿಲ್ಲಬೇಡಿ. ಕಲಿತು ಬಂದವರಿಗೆ ಟ್ರಸ್ಟಿನ ಸಭೆಯಲ್ಲಿ ಚಹ ಕೊಡುವ ಕೆಲಸ ಹಚ್ಚಬೇಡಿ. ಕುರ್ಚಿ ಕೊಡಿ, ಮಾತು ಕೊಡಿ, ಅವರು ಬೇಡ ಎಂದರೆ ಬೇಡ ಎನ್ನುವುದನ್ನು ಕಲಿಯಿರಿ. ಕುರ್ಚಿ ಸಾಲದಿದ್ದರೆ ಅಳಿಯನನ್ನು ಎಬ್ಬಿಸಿ.

ಈಗ ಪ್ರವಚನ ಮುಗಿದ ಕೂಡಲೇ ಪಾಟಿಚೀಲ ಹಂಚುವ ಕಾರ್ಯಕ್ರಮ ಇಟ್ಟುಕೊಂಡಿದ್ದೀರಿ. ಹಿಂದೆ ಬಾಗಿಲ ಬಳಿ ಮಕ್ಕಳು ಆಗಿನಿಂದ ಸಾಲಾಗಿ ನಿಂತಿದ್ದಾರೆ. ಕ್ಯಾಮೆರಾ ಹಿಡಿದ ತಮ್ಮಾ, ನೀನು ಸ್ವಲ್ಪ ಹೊತ್ತು ಕೂತ್ಕೊಪ್ಪ. ಆ ಮಕ್ಕಳ ಹೆಗಲಲ್ಲಿ ಹೋದ ವರ್ಷದ ಚೀಲಗಳು ಇನ್ನೂ ಗಟ್ಟಿಯಾಗಿವೆ. ಕಾಲಲ್ಲಿ ಚಪ್ಪಲಿ ಇಲ್ಲ. ನನಗೆ ಇಲ್ಲಿಂದಲೇ ಕಾಣುತ್ತಿದೆ. ನಿಮಗೆ ಹೇಗೆ ಕಾಣಬೇಕು? ನೀವೆಲ್ಲ ಈ ಕಡೆ ಮುಖ ಮಾಡಿ ಕುಳಿತಿದ್ದೀರಿ.

ಸಾಕು, ನನ್ನನ್ನು ನೋಡಿದ್ದು. ಏಳಿ. ಆ ಕಡೆ ತಿರುಗಿ.